ಪಾರ್ಕಿಂಗ್ ಲಾಟ್‌ನಲ್ಲಿ ಒಲೆ ಹೂಡುವ ಮುನ್ನ

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಊರುಗಳಿಗೆ ಫುಟ್‌ಬಾಲ್ ಜ್ವರ ಏರುತ್ತದೆ. ನಾವು ಹೇಳುವ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅವರದೇ ಆಟ. ಮಿಷಿಗನ್ ರಾಜ್ಯದ ಆನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರನ್ನೇ ತೆಗೆದುಕೊಳ್ಳಿ. ಅಲ್ಲಿನ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಶನಿವಾರ ಮಧ್ಯಾಹ್ನ ಆಟವಿದ್ದರೆ ಬೆಳಿಗ್ಗೆಯೇ ಸುತ್ತಮುತ್ತಲ ಬಯಲುಗಳೆಲ್ಲ ಕಾರು, ವ್ಯಾನುಗಳಿಂದ ತುಂಬಿಹೋಗುತ್ತವೆ. ಡಿಕ್ಕಿ ತೆರೆದು, ಮಡಚುವ ಕುರ್ಚಿ ಬಿಡಿಸಿ, ಒಲೆ ಹಚ್ಚಿ ಅಡುಗೆ ಶುರು! ಇದಕ್ಕೆ ಟೇಲ್‌ಗೇಟಿಂಗ್ ಅನ್ನುತ್ತಾರೆ. ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ಕೆಳಕ್ಕೆ ಬಾಗಿ ತೆರೆಯುವ ಬಾಗಿಲಿಗೆ ಟೇಲ್‌ಗೇಟ್ ಎಂದು ಹೆಸರು. ಅದರಿಂದ ಬಂದ ಮಾತು.

ನಮಗೇನೂ ಇದು ಹೊಸದಲ್ಲ ಬಿಡಿ. ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ, ಮರದ ನೆರಳಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅನ್ನ ಸಾರು ಮಾಡಿ ಉಂಡು, ಆಮೇಲೆ ತೇರು ಎಳೆಯುವುದನ್ನು ನೋಡಲು ಹೋಗುತ್ತಿದ್ದವರ ಮೊಮ್ಮಕ್ಕಳು ನಾವು. ಇಲ್ಲಿ ಎತ್ತಿನ ಬದಲು ಕಾರು, ತೇರಿನ ಬದಲು ಆಟ. ಮೂರು ಕಲ್ಲಿನ ಬದಲು ಮಾತ್ರ ಅಂಗಡಿಯಿಂದ ತರುವ ಗ್ಯಾಸ್ ಗ್ರಿಲ್. ಕಲ್ಲು ಆರಿಸುವುದು ಸುಲಭವಿತ್ತು, ಗ್ರಿಲ್ ಆರಿಸುವುದು ಅಷ್ಟು ಸುಲಭವಿಲ್ಲ. ಮಗಳು, ಸೊಸೆ, ತಂಗಿ ಅಂತ ಅಮೆರಿಕದಲ್ಲಿ ಯಾರಾದರೂ ಇರುವ ಮನೆಗಳು ಈಗ ನಮ್ಮಲ್ಲಿ ಬೇಕಾದಷ್ಟಿವೆ. ಮದುವೆಯಾಗಿ ಹೊಸದಾಗಿ ಹೊರಟವರೂ, ಬಾಣಂತನಕ್ಕೆಂದು ಆರು ತಿಂಗಳು ಹೋಗಿಬರುವ ಅಮ್ಮಂದಿರೂ ಈ ಪುಟದ ಓದುಗರಲ್ಲಿದ್ದಾರೆ. ಅವರಿಗಾಗಿ ಈ ಮಾತು.

ಬರೀ ಅಡುಗೆ ಸಾಮಾನಿನ ವಿಷಯವಲ್ಲ ಇದು. ಹೊಸ ಊರಿಗೆ ಹೋದ ಹೆಣ್ಣುಮಗಳಿಗೆ ಮೊದಲ ವರ್ಷ ಪರಿಚಯ ಆಗುವುದೇ ಇಂಥ ಕಡೆಗಳಲ್ಲಿ. ಗಂಡನ ಆಫೀಸಿನವರು, ಎದುರು ಮನೆಯವರು ‘ಶನಿವಾರ ಬನ್ನಿ’ ಅಂತ ಕರೆಯುತ್ತಾರೆ. ಹೋದರೆ ಅವರ ಗ್ರಿಲ್ ಮೇಲೆ ದನದ ಮಾಂಸದ ಬರ್ಗರ್, ಪಕ್ಕದಲ್ಲೇ ಹಂದಿ ಮಾಂಸದ ಸಾಸೇಜು. ಸಸ್ಯಾಹಾರಿಗಳು ಕೈಯಲ್ಲಿ ಚಿಪ್ಸ್ ಪೊಟ್ಟಣ ಹಿಡಿದು ಮೂರು ಗಂಟೆ ನಗುತ್ತಾ ನಿಲ್ಲಬೇಕು. ಕೋಳಿ, ಕುರಿ ತಿನ್ನುವವರಿಗೂ ಅಲ್ಲಿ ಎಷ್ಟೋ ಸಲ ಇದೇ ಪಾಡು. ‘ಅಕ್ಕಾ, ಎರಡು ಸಲ ಹೋದೆ, ಮೂರನೇ ಸಲ ತಲೆನೋವು ಅಂತ ಹೇಳಿ ಮನೆಯಲ್ಲೇ ಉಳಿದೆ’ ಎಂದಳು ದಾವಣಗೆರೆ ಕಡೆಯಿಂದ ಬಂದ ಒಬ್ಬ ಹುಡುಗಿ. ಅವಳಿಗೆ ನಾನು ಹೇಳಿದ್ದು ಒಂದೇ: ನಿನ್ನದೇ ಒಂದು ಒಲೆ ತಗೊಂಡು ಹೋಗು. ಸ್ವಂತ ಒಲೆ ಇದ್ದವಳು ಅತಿಥಿಯಾಗಿ ಮುದುರಿಕೊಳ್ಳಬೇಕಿಲ್ಲ. ನಾಲ್ಕು ಜನರಿಗೆ ಬಡಿಸುವವಳಾಗುತ್ತಾಳೆ. ನಿಂಬೆಹಣ್ಣು, ಖಾರದ ಪುಡಿ ಸವರಿದ ಸುಟ್ಟ ಜೋಳ ಹಿಡಿದು ನಿಂತರೆ ಪಕ್ಕದ ಕಾರಿನವರು ತಾವಾಗಿಯೇ ಬಂದು ಮಾತಾಡಿಸುತ್ತಾರೆ!

ಮಜಾ ಏನೆಂದರೆ, ಮಿಷಿಗನ್ ತಂಡದ ಬಣ್ಣಗಳು ನೀಲಿ ಮತ್ತು ‘ಮೇಜ್’. ಮೇಜ್ ಅಂದರೆ ನಮ್ಮ ಮುಸುಕಿನ ಜೋಳವೇ.

ಇದ್ದಿಲು ಬೇಡ ಯಾಕೆ?

ರುಚಿಗೆ ಇದ್ದಿಲೇ ಸೈ ಅನ್ನುವವರಿದ್ದಾರೆ. ಮನೆಯ ಹಿತ್ತಲಲ್ಲಾದರೆ ನಾನೂ ಹೌದೆನ್ನುತ್ತೇನೆ. ಆದರೆ ಪಾರ್ಕಿಂಗ್ ಲಾಟ್‌ನ ಲೆಕ್ಕವೇ ಬೇರೆ. ಇದ್ದಿಲು ಕೆಂಡವಾಗಲು ಕಡಿಮೆಯೆಂದರೂ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದು ಹೋಗಲಿ, ಆಟ ಶುರುವಾಗುವ ಹೊತ್ತಿಗೆ ಕೆಂಡ ಇನ್ನೂ ಉರಿಯುತ್ತಿರುತ್ತದೆ. ಅದನ್ನು ಎಲ್ಲಿ ಸುರಿಯುತ್ತೀರಿ? ಕಸದ ಡಬ್ಬಿಗೆ ಹಾಕಿದರೆ ಬೆಂಕಿ, ಕಾರಿನ ಕೆಳಗೆ ಬಿಟ್ಟರೆ ಅದಕ್ಕಿಂತ ಅಪಾಯ. ಬೂದಿ ಮುಚ್ಚಿದ ಕೆಂಡ ಗಂಟೆಗಟ್ಟಲೆ ಬಿಸಿ ಉಳಿಸಿಕೊಳ್ಳುತ್ತದೆ ಅನ್ನುವುದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ರಾತ್ರಿ ಮುಚ್ಚಿಟ್ಟ ಕೆಂಡವನ್ನೇ ಬೆಳಿಗ್ಗೆ ಊದಿ ಒಲೆ ಹಚ್ಚುತ್ತಿದ್ದರಲ್ಲ! ಗ್ಯಾಸಾದರೆ ತಿರುಪು ತಿರುಗಿಸಿದರೆ ಉರಿ ಆರಿತು. ಅರ್ಧ ಗಂಟೆಯಲ್ಲಿ ಮುಟ್ಟುವಷ್ಟು ತಣ್ಣಗಾಗುತ್ತದೆ.

ಹಾಗಂತ ಗ್ಯಾಸಿಗೆ ಎಲ್ಲೆಡೆ ಅನುಮತಿ ಇದೆ ಅಂದುಕೊಳ್ಳಬೇಡಿ. ಕೆಲವು ಲಾಟ್‌ಗಳಲ್ಲಿ ಇದ್ದಿಲಿಗೆ ನಿಷೇಧ, ಕೆಲವು ಕಡೆ ಸಿಲಿಂಡರಿನ ಗಾತ್ರಕ್ಕೆ ಮಿತಿ, ಬಹುಮಹಡಿ ಪಾರ್ಕಿಂಗ್ ಕಟ್ಟಡಗಳಲ್ಲಿ ಯಾವ ಬೆಂಕಿಯೂ ಬೇಡ ಅನ್ನುತ್ತಾರೆ. ಪಾರ್ಕಿಂಗ್ ಚೀಟಿ ಕೊಳ್ಳುವಾಗಲೇ ಕೇಳಿಕೊಂಡರೆ ಗ್ರಿಲ್ ಹೊತ್ತುಕೊಂಡು ವಾಪಸ್ ಬರುವ ಪಜೀತಿ ತಪ್ಪುತ್ತದೆ.

ಮೊದಲು ಅಡುಗೆ, ಆಮೇಲೆ ಗ್ರಿಲ್

ಅಂಗಡಿಗೆ ಹೋದವರು ಮಾಡುವ ಮೊದಲ ಕೆಲಸ ಬೆಲೆ ಚೀಟಿ ನೋಡುವುದು. ಎರಡನೆಯದು ‘ಇದಕ್ಕೆಷ್ಟು ಬಿ.ಟಿ.ಯು.?’ ಅಂತ ಗಂಡಸರು ಕೇಳುವುದು. ನಾನು ಹೇಳುವುದೇನೆಂದರೆ, ಇವೆರಡಕ್ಕೂ ಮೊದಲು ಮನೆಯಲ್ಲಿ ಕೂತು ಒಂದು ಚೀಟಿಯಲ್ಲಿ ಏನು ಬೇಯಿಸುತ್ತೀರಿ ಅಂತ ಬರೆಯಿರಿ. ಅಮೆರಿಕದವರ ಗ್ರಿಲ್ ಅವರ ಅಡುಗೆಗೆ ಹೊಂದುವಂತೆ ಮಾಡಿದ್ದು. ಸರಳುಗಳ ಮೇಲೆ ಮಾಂಸದ ತುಂಡು ಇಟ್ಟು, ಕೊಬ್ಬು ಕೆಳಗೆ ತೊಟ್ಟಿಕ್ಕಿ, ಆ ಹೊಗೆಯಿಂದಲೇ ರುಚಿ ಹತ್ತುವುದು ಅದರ ಲೆಕ್ಕ. ನಮ್ಮ ಪದಾರ್ಥಗಳಲ್ಲಿ ಜೋಳದ ತೆನೆ, ದಪ್ಪ ಮೆಣಸಿನಕಾಯಿ, ಬದನೆಕಾಯಿ, ದೊಡ್ಡ ಪನೀರ್ ತುಂಡು, ಮೊಸರು ಮಸಾಲೆಯಲ್ಲಿ ನೆನೆದ ಕೋಳಿ, ಇವು ಸರಳಿನ ಮೇಲೆ ಚೆನ್ನಾಗಿ ಆಗುತ್ತವೆ. ಬದನೆಕಾಯಿಯನ್ನು ಇಡಿಯಾಗಿ ಸುಟ್ಟು ಅಲ್ಲೇ ಸಿಪ್ಪೆ ಬಿಡಿಸಿ ಮೊಸರಿಗೆ ಕಲೆಸಿದರೆ ಎಣ್ಣೆಗಾಯಿ ಇಲ್ಲವಲ್ಲ ಅನ್ನುವ ಕೊರಗೂ ಇರುವುದಿಲ್ಲ.

ಆದರೆ ದೋಸೆ? ಅಕ್ಕಿ ರೊಟ್ಟಿ? ಆಲೂ ಟಿಕ್ಕಿ? ಹೆಚ್ಚಿದ ಈರುಳ್ಳಿ? ಅವೆಲ್ಲ ಸರಳಿನ ಸಂದಿಯಿಂದ ಬೆಂಕಿಗೇ ಬೀಳುತ್ತವೆ. ಅವಕ್ಕೆ ಬೇಕಾದ್ದು ಗ್ರಿಡಲ್, ಅಂದರೆ ಸಪಾಟು ಕಬ್ಬಿಣದ ಕಾವಲಿ. ಬ್ಲ್ಯಾಕ್‌ಸ್ಟೋನ್ ಮೊದಲಾದ ಕಂಪನಿಗಳ ಮೇಜಿನ ಮೇಲಿಡುವ ಗ್ರಿಡಲ್‌ಗಳನ್ನು ನೋಡಿದರೆ ಹೋಟೆಲಿನ ದೋಸೆ ಕಲ್ಲಿನ ತಮ್ಮನಂತಿರುತ್ತವೆ. ಒಂದೇ ಸಲಕ್ಕೆ ಮೂರು ಸೆಟ್ ದೋಸೆ ಹುಯ್ಯಬಹುದು. ಚೀಟಿಯಲ್ಲಿ ದೋಸೆ ರೊಟ್ಟಿಗಳೇ ಹೆಚ್ಚಿದ್ದರೆ ಗ್ರಿಲ್‌ನ ಆಸೆ ಬಿಟ್ಟು ನೇರವಾಗಿ ಗ್ರಿಡಲ್ ಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎರಡೂ ಬೇಕೆಂದರೆ ಸರಳಿನ ಅರ್ಧ ಭಾಗ ತೆಗೆದು ಆ ಜಾಗದಲ್ಲಿ ಕಬ್ಬಿಣದ ತಟ್ಟೆ ಕೂರಿಸುವಂಥ ಮಾದರಿಗಳಿವೆ. ಕೋಲ್ಮನ್ ಕಂಪನಿಯ ರೋಡ್‌ಟ್ರಿಪ್ ಸಾಲಿನವು ಹೀಗಿರುವುದರಿಂದಲೇ ಹೆಸರಾದವು. ತಟ್ಟೆಯನ್ನು ಬೇರೆಯಾಗಿ ಕೊಳ್ಳಬೇಕು ಅನ್ನುವುದು ಮಾತ್ರ ನೆನಪಿರಲಿ.

ಇನ್ನು ಸಸ್ಯಾಹಾರ, ಮಾಂಸಾಹಾರದ ಪ್ರಶ್ನೆ. ಇದನ್ನು ಬಾಯಿಬಿಟ್ಟು ಕೇಳಲು ಎಷ್ಟೋ ಜನರಿಗೆ ಸಂಕೋಚ. ಸಂಕೋಚ ಯಾಕೆ? ಎರಡು ಬರ್ನರ್, ಎರಡು ಬೇರೆ ಬೇರೆ ಸರಳಿನ ತಟ್ಟೆ ಇರುವ ಗ್ರಿಲ್ ಕೊಂಡರೆ ಎಡಕ್ಕೆ ಪನೀರು, ಬಲಕ್ಕೆ ಕೋಳಿ ಅಂತ ಹಂಚಬಹುದು. ಆದರೆ ಮುಚ್ಚಳ ಒಂದೇ, ಒಳಗಿನ ಹೊಗೆ ಒಂದೇ, ಸಿಡಿಯುವ ಜಿಡ್ಡಿಗೆ ಗಡಿ ಗೊತ್ತಾಗುವುದಿಲ್ಲ. ಊರಿಂದ ಬಂದ ಅತ್ತೆಯವರು ‘ಅಲ್ಲಮ್ಮಾ, ಅದೇ ಇಕ್ಕಳ ಇದಕ್ಕೂ ಹಾಕ್ತೀಯಲ್ಲಾ’ ಎಂದು ಕೈ ಹಿಂದೆ ತೆಗೆದುಕೊಂಡರೆ ಆ ಇಡೀ ದಿನವೇ ಹಾಳು. ಕಟ್ಟುನಿಟ್ಟಿನವರು ಮನೆಯಲ್ಲಿದ್ದರೆ ಒಂದು ದೊಡ್ಡದರ ಬದಲು ಎರಡು ಪುಟ್ಟ ಗ್ರಿಲ್ ಕೊಳ್ಳಿ. ಇಕ್ಕಳ, ಸೌಟುಗಳೂ ಎರಡು ಜೊತೆ ಇರಲಿ, ಒಂದರ ಹಿಡಿಗೆ ಬಣ್ಣದ ಟೇಪ್ ಸುತ್ತಿಡಿ. ಮಡಿ ಇಲ್ಲದವರಿಗೂ ಇದು ಒಳ್ಳೆಯದೇ. ಹಸಿ ಕೋಳಿ ಮುಟ್ಟಿದ ಇಕ್ಕಳ ಬೆಂದ ಪದಾರ್ಥಕ್ಕೆ ತಾಗಬಾರದು ಅನ್ನುವುದು ಹೊಟ್ಟೆಯ ಆರೋಗ್ಯದ ನಿಯಮ.

ಎರಡು ಹಾಳೆ ಹಿಡಿದು ಅಂಗಡಿಗೆ

ಗ್ರಿಲ್‌ನ ಅಡುಗೆ ಜಾಗವನ್ನು ಅಲ್ಲಿ ಚದರ ಇಂಚಿನಲ್ಲಿ ಹೇಳುತ್ತಾರೆ. 189, 285 ಅಂತ ಓದಿದರೆ ಕಣ್ಣ ಮುಂದೆ ಏನೂ ಬರುವುದಿಲ್ಲ, ಅಲ್ವಾ? ಇದಕ್ಕೊಂದು ಸುಲಭ ದಾರಿ ಇದೆ. ಅಮೆರಿಕದಲ್ಲಿ ಪ್ರಿಂಟರಿಗೆ ಹಾಕುವ ಸಾಮಾನ್ಯ ಹಾಳೆ ಎಂಟೂವರೆಗೆ ಹನ್ನೊಂದು ಇಂಚು, ಅಂದರೆ ಸುಮಾರು 93 ಚದರ ಇಂಚು. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ 187. ವೆಬರ್ ಕಂಪನಿಯ ಹೆಸರಾದ ಕ್ಯೂ 1200 ಮಾದರಿ ಹೆಚ್ಚೂಕಡಿಮೆ ಇಷ್ಟೇ. ಮೂರು ಹಾಳೆಗೆ 280, ಅದು ಕೋಲ್ಮನ್ನಿನ ದೊಡ್ಡ ರೋಡ್‌ಟ್ರಿಪ್‌ನ ಅಳತೆ. ಮನೆಯ ಊಟದ ಮೇಜಿನ ಮೇಲೆ ಹಾಳೆ ಹರಡಿ, ಅದರ ಮೇಲೆ ನಿಜವಾದ ಜೋಳದ ತೆನೆ, ಆಲೂಗಡ್ಡೆಗಳನ್ನೇ ಜೋಡಿಸಿ ನೋಡಿ. ತಿರುಗಿಸಲು ನಡುವೆ ಬೆರಳಗಲ ಸಂದಿಯೂ ಬೇಕು. ಎರಡು ಹಾಳೆಯಷ್ಟು ಜಾಗ ನಾಲ್ಕೈದು ಜನರಿಗೆ ಸಾಕು. ಎಂಟು ಹತ್ತು ಜನ ಅಂದರೆ ಮೂರು ಹಾಳೆ. ಅದಕ್ಕಿಂತ ದೊಡ್ಡದು ಕೊಂಡರೆ ಹೊರುವವರು ಯಾರು ಅನ್ನುವ ಪ್ರಶ್ನೆ ಬರುತ್ತದೆ.

ಬಿ.ಟಿ.ಯು. ಎಂದರೆ ಶಾಖದ ಒಂದು ಅಳತೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದಷ್ಟು ಶಾಖ. ಗ್ರಿಲ್ ಮೇಲೆ ಬರೆದಿರುವುದು ಒಂದು ಗಂಟೆಯಲ್ಲಿ ಅದು ಎಷ್ಟು ಗ್ಯಾಸ್ ಸುಡುತ್ತದೆ ಅನ್ನುವ ಲೆಕ್ಕ. ಹೆಚ್ಚು ಸುಟ್ಟರೆ ಹೆಚ್ಚು ಬಿಸಿ ಅಂತ ಕಣ್ಣು ಮುಚ್ಚಿ ಹೇಳಲಾಗದು. ತಗಡಿನಂಥ ತೆಳು ಮುಚ್ಚಳವಿದ್ದರೆ ಅರ್ಧ ಶಾಖ ಗಾಳಿಪಾಲು. ಕ್ಯೂ 1200ರಲ್ಲಿ ಇರುವುದು ಬರೀ 8,500 ಬಿ.ಟಿ.ಯು. ಆದರೂ ದಪ್ಪ ಅಲ್ಯೂಮಿನಿಯಮ್ಮಿನ ಮೈ, ಗಟ್ಟಿಯಾಗಿ ಕೂರುವ ಮುಚ್ಚಳ ಇರುವುದರಿಂದ ಕಾವು ಹಿಡಿದಿಡುತ್ತದೆ. ದೊಡ್ಡ ರೋಡ್‌ಟ್ರಿಪ್ 20,000ದ್ದು. ಬೇಗ ಕಾಯುತ್ತದೆ, ಅಷ್ಟೇ ಬೇಗ ಸಿಲಿಂಡರನ್ನೂ ಮುಗಿಸುತ್ತದೆ. ಅಂಗಡಿಯಲ್ಲಿ ಮುಚ್ಚಳ ಹಾಕಿ, ಸುತ್ತಲೂ ಕಣ್ಣಾಡಿಸಿ. ಬೆರಳು ತೂರುವಷ್ಟು ಸಂದಿ ಕಂಡರೆ ಪಕ್ಕದ್ದನ್ನು ನೋಡಿ. ಪಾರ್ಕಿಂಗ್ ಬಯಲಲ್ಲಿ ಗಾಳಿ ತಡೆಯಲು ಗೋಡೆ ಇರುವುದಿಲ್ಲ.

ಎತ್ತಿ ನೋಡದೆ ಕೊಳ್ಳಬೇಡಿ

ಚಕ್ರ, ಮಡಚುವ ಕಾಲು ಇರುವ ಗ್ರಿಲ್‌ಗಳು ನೋಡಲು ಚಂದ. ಸೂಟ್‌ಕೇಸಿನಂತೆ ಎಳೆದುಕೊಂಡು ಹೋಗಬಹುದು, ನಿಂತು ಅಡುಗೆ ಮಾಡಬಹುದು, ಬೇರೆ ಮೇಜು ಬೇಕಿಲ್ಲ. ಆದರೆ ಅವು 20 ಕಿಲೋ ಮುಟ್ಟುತ್ತವೆ, ದಾಟುವುದೂ ಉಂಟು. ಎಳೆಯುವುದು ಸುಲಭ, ಡಿಕ್ಕಿಗೆ ಎತ್ತಿಡುವುದು ಕಷ್ಟ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮನೆ, ಲಿಫ್ಟ್ ಇಲ್ಲ, ಕಂಕುಳಲ್ಲಿ ಮಗು. ಆಗ ಮೆಟ್ಟಿಲಿಗೆ ಚಕ್ರ ಉಪಯೋಗವಿಲ್ಲ. ಅಂಗಡಿಯಲ್ಲಿ ನೀವೇ, ನೀವೊಬ್ಬರೇ, ಸೊಂಟದ ಮಟ್ಟಕ್ಕೆ ಎತ್ತಿ ನೋಡಿ. ಪಕ್ಕದಲ್ಲಿರುವ ಯಜಮಾನರು ‘ನಾನಿದೀನಲ್ಲ ಎತ್ತೋಕೆ’ ಅಂದರೆ ನಕ್ಕು ಸುಮ್ಮನಾಗಿ. ಆಟದ ದಿನ ಅವರು ಗೆಳೆಯರ ಜೊತೆ ಮುಂಚೆಯೇ ಹೋಗಿರುತ್ತಾರೆ!

ಅಂದ ಹಾಗೆ, ಅಮೆರಿಕದಲ್ಲಿ ಗ್ರಿಲ್ ಅನ್ನುವುದು ಗಂಡಸರ ಸಾಮ್ರಾಜ್ಯ. ಒಳಗಿನ ಒಲೆ ಹತ್ತಿರ ಸುಳಿಯದವನೂ ಹೊರಗೆ ಏಪ್ರನ್ ಕಟ್ಟಿ ಇಕ್ಕಳ ಹಿಡಿದು ನಿಲ್ಲುತ್ತಾನೆ. ನಮ್ಮವರೂ ಇದನ್ನು ಬಲು ಬೇಗ ಕಲಿತರು. ಹಿಂದಿನ ರಾತ್ರಿ ಹೆಚ್ಚಿ, ಅರೆದು, ಮಸಾಲೆಯಲ್ಲಿ ನೆನೆಸಿ, ಡಬ್ಬಿ ತುಂಬಿ, ಮರುದಿನ ಜಿಡ್ಡು ತೊಳೆಯುವವಳು ಒಬ್ಬಳು. ‘ವಾಹ್, ಏನು ರುಚಿ’ ಅಂತ ಹೊಗಳಿಸಿಕೊಳ್ಳುವವನು ಇನ್ನೊಬ್ಬ. ಹಾಗಾಗಿ ಕೊಳ್ಳುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಇಕ್ಕಳ ಯಾರು ಹಿಡಿಯುತ್ತಾರೋ ತೊಳೆಯುವುದೂ ಅವರೇ. ಈ ಮಾತು ಮೊದಲೇ ಆಗಿದ್ದರೆ ಯಾವ ಮಾದರಿ ತೊಳೆಯಲು ಸುಲಭ ಅಂತ ಅವರೂ ಅಂಗಡಿಯಲ್ಲಿ ಬಗ್ಗಿ ಬಗ್ಗಿ ನೋಡುತ್ತಾರೆ.

ಮೇಜಿನ ಮೇಲಿಡುವ ಗ್ರಿಲ್ ಹಗುರ, ಸಣ್ಣ ಸಂಸಾರಕ್ಕೆ ನನ್ನ ಮತ ಅದಕ್ಕೇ. ಆದರೆ ಮೇಜು ಯಾವುದು? ಪ್ಲಾಸ್ಟಿಕ್ ಮಡಚು ಮೇಜು ಶಾಖಕ್ಕೆ ಮೆತ್ತಗಾಗಿ ಬಾಗಬಹುದು. ಲೋಹದ ಮೇಜೇ ಬೇಕು. ಹೆಸರು ಟೇಲ್‌ಗೇಟಿಂಗ್ ಅಂತಿದ್ದರೂ ಕಾರಿನ ಹಿಂಬಾಗಿಲಿನ ಮೇಲೆ ಗ್ರಿಲ್ ಹಚ್ಚಬೇಡಿ. ಕೆಳಗೇ ಪೆಟ್ರೋಲ್ ಟ್ಯಾಂಕಿದೆ. ಬಡಿಸುವುದಕ್ಕೆ ಆ ಜಾಗ ಇರಲಿ, ಉರಿ ಕಾರಿನಿಂದ ಹತ್ತಡಿ ದೂರವಿರಲಿ. ಒಣಹುಲ್ಲಿನ ಮೇಲೂ ಬೇಡ.

ಪುಟ್ಟ ಸಿಲಿಂಡರಿನ ಗುಟ್ಟು

ನಮ್ಮ ಮನೆಗಳ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್. ಅಮೆರಿಕದ ಸಂಚಾರಿ ಗ್ರಿಲ್‌ಗೆ ಹಾಕುವುದು ಒಂದು ಪೌಂಡಿನ, ಅಂದರೆ ಅರ್ಧ ಕಿಲೋಗೂ ಕಡಿಮೆ ಪ್ರೊಪೇನ್ ಇರುವ ಪುಟ್ಟ ಡಬ್ಬಿ. ನೀರಿನ ಬಾಟಲಿಯಂತೆ ಕೈಯಲ್ಲೇ ತಿರುಗಿಸಿ ಕೂರಿಸುವುದು. ಒಂದು ಡಬ್ಬಿಯಲ್ಲಿ ಸುಮಾರು 21,500 ಬಿ.ಟಿ.ಯು. ಶಾಖ. ಇಲ್ಲಿ ನೋಡಿ, ಆಗಿನ ಲೆಕ್ಕ ಈಗ ಉಪಯೋಗಕ್ಕೆ ಬಂತು. 8,500ರ ಗ್ರಿಲ್ ಪೂರ್ತಿ ಉರಿಯಲ್ಲಿ ಎರಡೂವರೆ ಗಂಟೆ ನಡೆಯುತ್ತದೆ, 20,000ದ್ದು ಒಂದೇ ಗಂಟೆ. ಅರ್ಧ ಬೆಂದ ಕೋಳಿ ಇಟ್ಟುಕೊಂಡು ಗ್ಯಾಸ್ ಮುಗಿಯಿತು ಅಂದರೆ ಹೇಗೆ? ಒಂದು ಡಬ್ಬಿ ಹೆಚ್ಚಿಗೆ ಇರಲೇಬೇಕು, ದೊಡ್ಡ ಗ್ರಿಲ್‌ಗೆ ಎರಡು.

ಪದೇ ಪದೇ ಹೋಗುವವರು ಮನೆಯ ದೊಡ್ಡ ಗ್ರಿಲ್‌ಗೆ ಹಾಕುವ 20 ಪೌಂಡಿನ, ಅಂದರೆ 9 ಕಿಲೋದ ಸಿಲಿಂಡರಿಗೆ ಜೋಡಿಸುವ ಅಡಾಪ್ಟರ್ ಪೈಪ್ ಕೊಳ್ಳುತ್ತಾರೆ. ಗ್ಯಾಸ್ ಅಗ್ಗ ಬೀಳುತ್ತದೆ, ನಿಜ. ಆದರೆ ಅದನ್ನು ಕಾರಿನಲ್ಲಿ ನೆಟ್ಟಗೆ ನಿಲ್ಲಿಸಿ, ಉರುಳದಂತೆ ಕಟ್ಟಿ, ಕಿಟಕಿ ಇಳಿಸಿ ಒಯ್ಯಬೇಕು. ಬಾಲ್ಟಿಮೋರಿನ ಬಂದರು ಸುರಂಗದಂಥ ಕೆಲವು ಸುರಂಗ ರಸ್ತೆಗಳಲ್ಲಿ ಅಷ್ಟು ದೊಡ್ಡ ಸಿಲಿಂಡರಿಗೆ ಪ್ರವೇಶವೇ ಇಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವವರಿಗೆ ಪುಟ್ಟ ಡಬ್ಬಿಯೇ ಸರಿ.

ಖಾಲಿ ಡಬ್ಬಿಗೆ ಮತ್ತೆ ಗ್ಯಾಸ್ ತುಂಬುವ ಜಾಣತನ ಬೇಡ. ‘ಮತ್ತೆ ತುಂಬಬೇಡಿ’ ಅಂತ ಅದರ ಮೈಮೇಲೇ ಬರೆದಿರುತ್ತದೆ, ಅದರ ವಾಲ್ವ್ ಒಂದೇ ಸಲದ ಉಪಯೋಗಕ್ಕೆ ಮಾಡಿದ್ದು. ಮತ್ತೆ ತುಂಬಿಸಲೆಂದೇ ಮಾಡಿದ ಒಂದು ಪೌಂಡಿನ ಡಬ್ಬಿಗಳು ಬೇರೆ ಸಿಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿರುವವರು ಅವನ್ನೇ ರೂಢಿ ಮಾಡಿಕೊಳ್ಳುವುದು ಲೇಸು. 2022ರಲ್ಲಿ ಆದ ಕಾನೂನಿನಂತೆ ಎಸೆಯುವ ಡಬ್ಬಿಗಳ ಮಾರಾಟಕ್ಕೆ ಆ ರಾಜ್ಯದಲ್ಲಿ 2028ರ ಜನವರಿಯಿಂದ ನಿಷೇಧವಿದೆ.

ಕೊರಿಯನ್, ಚೀನೀ ಅಂಗಡಿಗಳಲ್ಲಿ ಸಿಗುವ ಬ್ಯೂಟೇನ್ ಒಲೆಗಳು ತೀರಾ ಅಗ್ಗ. ಉದ್ದನೆಯ ಡಬ್ಬಿಯನ್ನು ಪಕ್ಕಕ್ಕೆ ತೂರಿಸುವಂಥವು. ಚಹಾ ಕಾಸಲು, ಉಪ್ಪಿಟ್ಟು ಬಿಸಿ ಮಾಡಲು ಸೆಪ್ಟೆಂಬರಿನಲ್ಲಿ ಚೆನ್ನಾಗಿರುತ್ತವೆ. ನವೆಂಬರ್ ಕೊನೆಯ ಆಟಕ್ಕೆ ಒಯ್ದರೆ ಕೈಕೊಡುತ್ತವೆ. ಕಾರಣ ಇಷ್ಟೇ. ಡಬ್ಬಿಯೊಳಗಿನ ದ್ರವ ಆವಿಯಾದರೆ ತಾನೇ ಉರಿ? ಬ್ಯೂಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹಾಗಿದ್ದೂ ಚಳಿಯಲ್ಲಿ ಒಂದೇ ಸಮನೆ ಉರಿಸಿದರೆ ಪ್ರೊಪೇನ್ ಡಬ್ಬಿಯ ಮೇಲೂ ಬಿಳಿ ಮಂಜು ಕೂತು ಉರಿ ಸಣ್ಣಗಾಗುತ್ತದೆ. ಡಬ್ಬಿ ಬದಲಿಸಿ, ತಣ್ಣಗಾದದ್ದನ್ನು ಸ್ವಲ್ಪ ಹೊತ್ತು ಬಿಸಿಲಿಗಿಡಿ. ಬೆಂಕಿಯ ಹತ್ತಿರವಾಗಲಿ ಕಾರಿನ ಹೀಟರ್ ಮುಂದಾಗಲಿ ಮಾತ್ರ ಬೇಡ.

ಬೇಸಿಗೆಯಲ್ಲಿ ಇದರ ತದ್ವಿರುದ್ಧ. 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಸೆಲ್ಸಿಯಸ್ ಮೀರಿದ ಜಾಗದಲ್ಲಿ ಡಬ್ಬಿ ಇಡಬಾರದು. ಬಿಸಿಲಲ್ಲಿ ನಿಂತ ಮುಚ್ಚಿದ ಕಾರು ಇದನ್ನು ಸಲೀಸಾಗಿ ದಾಟುತ್ತದೆ. ಆಟ ನೋಡಲು ಒಳಗೆ ಹೋಗುವಾಗ ಉಳಿದ ಡಬ್ಬಿಗಳ ಗತಿ ಏನು ಅನ್ನುವುದನ್ನು ಬೆಳಿಗ್ಗೆಯೇ ಯೋಚಿಸಿ. ಬೇಕಾದಷ್ಟೇ ಒಯ್ಯುವುದು ಒಳ್ಳೆಯ ಉಪಾಯ.

ಹಚ್ಚುವಾಗ

ನಮ್ಮ ಹೆಂಗಸರಿಗೆ ಗ್ಯಾಸ್ ಹೊಸದಲ್ಲ, ಮುಚ್ಚಳವಿರುವ ಗ್ಯಾಸ್ ಒಲೆ ಹೊಸದು. ಮುಚ್ಚಳ ಹಾಕಿಯೇ ಗ್ಯಾಸ್ ಬಿಟ್ಟು ಕಿಡಿ ಹೊತ್ತಿಸಿದರೆ ಒಳಗೆ ತುಂಬಿದ ಗ್ಯಾಸೆಲ್ಲ ಒಮ್ಮೆಗೇ ಭಗ್ ಎಂದು ಮುಖಕ್ಕೆ ಬರುತ್ತದೆ. ಮುಚ್ಚಳ ತೆರೆದೇ ಹಚ್ಚಬೇಕು. ಎರಡು ಮೂರು ಸಲಕ್ಕೂ ಹತ್ತಲಿಲ್ಲವೇ? ತಿರುಪು ಬಂದ್ ಮಾಡಿ ಐದು ನಿಮಿಷ ಹಾಗೇ ಬಿಡಿ. ಗುಂಡಿ ಒತ್ತಿದರೆ ಕಿಡಿ ಬರುವ ವ್ಯವಸ್ಥೆ ತೇವಕ್ಕೆ ಕೈಕೊಡುವುದು ಹೆಚ್ಚು, ಉದ್ದ ಮೂತಿಯ ಲೈಟರ್ ಜೊತೆಗಿರಲಿ. ಡಬ್ಬಿ ಕೂರಿಸಿದ ಮೇಲೆ ಜೋಡಣೆಯ ಜಾಗಕ್ಕೆ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಅರ್ಥ. ದುಪಟ್ಟಾ, ಸೆರಗು, ಜೋಲಾಡುವ ಮಫ್ಲರ್ ಎಲ್ಲ ಬಿಗಿಯಾಗಿ ಕಟ್ಟಿಕೊಳ್ಳಿ. ನೈಲಾನಿನ ಚಳಿ ಜಾಕೆಟ್ಟಿಗೂ ಉರಿ ತಾಗದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಮಳೆ ಬಂತು, ಹಿಮ ಬಿತ್ತು, ಮಗುವಿಗೆ ಚಳಿಯಾಯಿತು ಅಂತ ಉರಿಯುವ ಗ್ರಿಲ್ಲನ್ನು ವ್ಯಾನಿನೊಳಗೆ, ನಾಲ್ಕೂ ಕಡೆ ಪರದೆ ಇಳಿಸಿದ ಟೆಂಟಿನೊಳಗೆ ಎಳೆದುಕೊಳ್ಳಬೇಡಿ. ಗಾಳಿಯಾಡದ ಜಾಗದಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದ ಗ್ಯಾಸಾದರೆ ಮೂಗಿಗೆ ಹೊಡೆಯುತ್ತದೆ, ಇದು ಹಾಗಲ್ಲ. ತಲೆ ಭಾರ, ಓಕರಿಕೆ, ತೂಕಡಿಕೆ ಅಂತ ಶುರುವಾಗಿ ಎಚ್ಚರವೇ ತಪ್ಪಬಹುದು. ಕಿಟಕಿ ಸ್ವಲ್ಪ ಇಳಿಸಿದ್ದೇವೆ ಅನ್ನುವ ಧೈರ್ಯವೂ ಸಾಲದು. ಚಳಿಗೆ ಕಂಬಳಿ ಇದೆ, ಫ್ಲಾಸ್ಕಿನಲ್ಲಿ ಕಾಫಿ ಇದೆ. ಗ್ರಿಲ್ ಹೊರಗೇ ಇರಲಿ.

ಕೊಳ್ಳುವಾಗ ನಮ್ಮಲ್ಲಿ ಐ.ಎಸ್.ಐ. ಮುದ್ರೆ ನೋಡುವಂತೆ ಅಲ್ಲಿ ಸಿ.ಎಸ್.ಎ.ಯಂಥ ಪರೀಕ್ಷಾ ಸಂಸ್ಥೆಯ ಮುದ್ರೆ ಹುಡುಕಿ. ಹಳೆಯದು ಕೊಳ್ಳುವವರು ಪೈಪಿನಲ್ಲಿ ಬಿರುಕಿದೆಯೇ ನೋಡಿ, ಮಾದರಿ ಸಂಖ್ಯೆಯನ್ನು ಗ್ರಾಹಕ ಸುರಕ್ಷತಾ ಆಯೋಗದ ವಾಪಸಾತಿ ಪಟ್ಟಿಯಲ್ಲಿ ಒಮ್ಮೆ ಪರೀಕ್ಷಿಸಿ. ಬೇಸಿಗೆ ಮುಗಿದ ಮೇಲೆ ಅಂಗಡಿಗಳಲ್ಲಿ ಗ್ರಿಲ್ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಆಟದ ಕಾಲ ಶುರುವಾಗುವುದೂ ಆಗಲೇ. ಊರಿಗೆ ಬರುವಾಗ ಇಲ್ಲಿಯೂ ಇರಲಿ ಅಂತ ಒಂದನ್ನು ಸೂಟ್‌ಕೇಸಿಗೆ ತುಂಬಬೇಡಿ. ಗ್ಯಾಸ್ ಡಬ್ಬಿಗೆ ವಿಮಾನದಲ್ಲಿ ಜಾಗವೇ ಇಲ್ಲ, ಅಲ್ಲಿನ ರೆಗ್ಯುಲೇಟರ್ ಇಲ್ಲಿನ ಸಿಲಿಂಡರಿಗೆ ಕೂರುವುದಿಲ್ಲ. ಎಲ್ಲೋ ಅಡಾಪ್ಟರ್ ಮಾಡಿಸಿ ಜೋಡಿಸುವ ಸಾಹಸಕ್ಕೆ ಹೋದರೆ ಅನಾಹುತವೇ.

ಅರ್ಧ ಈರುಳ್ಳಿ ಸಾಕು

ಗ್ರಿಲ್ ಉಜ್ಜಲು ತಂತಿ ಬ್ರಷ್ ಮಾರುತ್ತಾರೆ, ಕೊಳ್ಳಬೇಡಿ. ಅದರ ಕೂದಲಿನಂಥ ತಂತಿ ಮುರಿದು ಸರಳಿಗೆ ಅಂಟಿ, ಊಟದ ಜೊತೆ ಗಂಟಲಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿದ್ದಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ನಮ್ಮ ದೋಸೆ ಕಾವಲಿಗೆ ಏನು ಮಾಡುತ್ತೇವೆ? ಈರುಳ್ಳಿಯನ್ನು ಅರ್ಧಕ್ಕೆ ಕೊಯ್ದು, ಫೋರ್ಕಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಉಜ್ಜುತ್ತೇವೆ. ಬಿಸಿ ಸರಳಿಗೂ ಅದೇ ಸಾಕು. ತೀರಾ ಕರಕಲಿದ್ದರೆ ಮರದ ಚಪ್ಪಟೆ ಪಟ್ಟಿಯಿಂದ ಕೆರೆಯಿರಿ. ಎರಕದ ಕಬ್ಬಿಣದ ಸರಳಾದರೆ ತೊಳೆದು ಒದ್ದೆ ಬಿಟ್ಟರೆ ತುಕ್ಕು, ಒರೆಸಿ ಎಣ್ಣೆ ಸವರಿಡಿ. ಪಿಂಗಾಣಿ ಲೇಪದ್ದಾದರೆ ಚೂಪು ಸಾಮಾನು ತಾಗಿಸಬೇಡಿ, ಲೇಪ ಎದ್ದರೆ ಕೆಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕೆಳಗಿನ ಜಿಡ್ಡಿನ ತಟ್ಟೆ ಸರಾಗವಾಗಿ ಹೊರಗೆ ಬರುತ್ತದೆಯೇ ಅಂತ ಅಂಗಡಿಯಲ್ಲೇ ಎಳೆದು ನೋಡಿ. ಹೋದ ಸಲದ ಜಿಡ್ಡು ಉಳಿದಿದ್ದರೆ ಈ ಸಲ ಅದಕ್ಕೇ ಬೆಂಕಿ ಹತ್ತುತ್ತದೆ.

ಚಳಿಗಾಲವೆಲ್ಲ ಮೂಲೆಯಲ್ಲಿಟ್ಟ ಗ್ರಿಲ್ ಹಚ್ಚಿದಾಗ ನೀಲಿ ಉರಿಯ ಬದಲು ಸೋಮಾರಿ ಹಳದಿ ಉರಿ ಬಂದರೆ ಬರ್ನರಿನ ಕೊಳವೆಯಲ್ಲಿ ಜೇಡ ಗೂಡು ಕಟ್ಟಿರುವ ಸಾಧ್ಯತೆ ಹೆಚ್ಚು. ತಮಾಷೆಯಲ್ಲ, ಇದು ಗ್ಯಾಸ್ ಗ್ರಿಲ್‌ಗಳ ಮಾಮೂಲಿ ಕಾಯಿಲೆ. ತೆಳು ಬಾಟಲ್ ಬ್ರಷ್ ತೂರಿಸಿ ತೆಗೆಯಿರಿ.

ಮೊದಲ ಸಲಕ್ಕೆ ದೊಡ್ಡ ಅಡುಗೆ ಬೇಡ. ಪನೀರನ್ನು ಒಂದೂವರೆ ಇಂಚಿನ ತುಂಡು ಮಾಡಿ, ಗಟ್ಟಿ ಮೊಸರು, ಅಚ್ಚಖಾರ, ಕಸೂರಿ ಮೇಥಿ, ಉಪ್ಪಿನಲ್ಲಿ ರಾತ್ರಿಯೇ ಕಲೆಸಿ ಐಸ್ ಪೆಟ್ಟಿಗೆಯಲ್ಲಿ ಒಯ್ಯಿರಿ. ಚುಚ್ಚುವ ಬಿದಿರು ಕಡ್ಡಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಹಾಕಿದರೆ ಬೇಗ ಸುಡುವುದಿಲ್ಲ. ಕೋಳಿ ಮಾಡುವವರು ಬೆಂದಿದೆಯೇ ಅಂತ ಬಣ್ಣ ನೋಡಿ ಹೇಳಬೇಡಿ, ಚುಚ್ಚುವ ಥರ್ಮಾಮೀಟರ್ 165 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. ಜೋಳಕ್ಕೆ ಏನೂ ಬೇಡ. ಸಿಪ್ಪೆ ಬಿಡಿಸಿ ನೇರ ಉರಿಗೆ ಇಟ್ಟು ಹತ್ತು ನಿಮಿಷ ತಿರುಗಿಸುತ್ತಿರಿ, ನಂದಿ ಬೆಟ್ಟದ ದಾರಿಯಲ್ಲಿ ತಿಂದ ನೆನಪು ಬರುವಷ್ಟು ಕಪ್ಪು ಚುಕ್ಕೆ ಏಳಲಿ.

ಆಟಕ್ಕೆ ಮುಕ್ಕಾಲು ಗಂಟೆ ಇದೆ ಅನ್ನುವಾಗ ತಿರುಪು ಬಂದ್ ಮಾಡಿ. ತಟ್ಟೆ ಲೋಟ ಎತ್ತಿಡುವ ಹೊತ್ತಿಗೆ ಗ್ರಿಲ್ ತಣ್ಣಗಾಗಿರುತ್ತದೆ. ಗ್ಯಾಸ್ ಡಬ್ಬಿಯನ್ನು ಬಿಚ್ಚಿ, ಅದರ ಮೂತಿಗೆ ಕ್ಯಾಪ್ ಹಾಕಿ, ಆಮೇಲೆ ಮುಚ್ಚಳದ ಕೊಂಡಿ ಸಿಕ್ಕಿಸಿ.